ಹಾಸ್‌ಬೆರ್ಗೆ ಇಳಿಯುವಾಗ ನನ್ನ ಹಿಂದೆ ಬಂದವನು

ನಂಬಿ ಎಂದು ನಾನು ಯಾರನ್ನೂ ಬಲವಂತ ಮಾಡುವುದಿಲ್ಲ. ನಾನೇ ಒಂದೊಂದು ದಿನ ನಂಬುವುದಿಲ್ಲ. ಆದರೆ ನಡೆದದ್ದಂತೂ ನಿಜ. ಆ ಸಂಜೆ ಹಾಕಿಕೊಂಡಿದ್ದ ಬೂಟುಗಳಿಗೆ ಅಲ್ಲಿನ ಕೆಮ್ಮಣ್ಣು ಇನ್ನೂ ಅಂಟಿಕೊಂಡಿದೆ. ತೊಳೆಯಲು ಕೈ ಬಂದಿಲ್ಲ.

ನಾನು ಶುಭಾ, ಮೈಸೂರಿನವಳು. ಗಂಡ ಸಂಗಮೇಶ ಬಾಗಲಕೋಟೆಯವನು. ಜರ್ಮನಿಯ ಶ್ವೈನ್‌ಫರ್ಟ್ ಎಂಬ ಊರಿನಲ್ಲಿ ಕಾರಿನ ಬಿಡಿಭಾಗಗಳನ್ನು ಮಾಡುವ ಕಂಪನಿಯೊಂದರಲ್ಲಿ ಅವನು ಎಂಜಿನಿಯರ್. ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ನಮ್ಮ ಮನೆಯಲ್ಲಿ ಎರಡು ಕನ್ನಡ. ಅವನು ‘ಐತಿ’, ‘ಆತು’, ‘ಬ್ಯಾಡ’ ಬಿಟ್ಟವನಲ್ಲ, ನಾನು ನನ್ನ ‘ಕಣೋ’ ಬಿಟ್ಟವಳಲ್ಲ. ಒಬ್ಬರನ್ನೊಬ್ಬರು ಅಣಕಿಸಿ ನಗುತ್ತಿದ್ದೆವು. ಅಣಕಿಸುವುದರಲ್ಲಿ ಅವನು ಬಹಳ ಕಚ್ಚಾ. ಎರಡು ಪದ ಆಗುವಷ್ಟರಲ್ಲಿ ಮತ್ತೆ ಬಾಗಲಕೋಟೆಗೇ ಬಂದುಬಿಡುತ್ತಿದ್ದ.

ಕಳೆದ ಬೇಸಿಗೆಯಿಂದ ಆ ನಗು ನಿಂತಿತ್ತು. ಫೋನ್ ಬಂದರೆ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ. ಊಟದ ಟೇಬಲ್ಲಿನ ಮೇಲೆ ಫೋನನ್ನು ಕವುಚಿ ಇಡುತ್ತಿದ್ದ. ಕೇಳಿದರೆ, “ಆಫೀಸ್ ಟೆನ್ಷನ್” ಅನ್ನುತ್ತಿದ್ದ. ಒಂದು ದಿನ ಅವನು ಸ್ನಾನಕ್ಕೆ ಹೋದಾಗ ಫೋನ್ ಎತ್ತಿ ನೋಡಿದೆ. ಪಾಸ್‌ವರ್ಡ್ ಬದಲಾಗಿತ್ತು.

ನವೆಂಬರಿನ ಒಂದು ಭಾನುವಾರ ಅವನಾಗಿಯೇ ಬಂದು ಅಂದ, “ಹೊರಗ ಹೋಗೂಣ ಬಾ. ನಿನ್ನ ಕೂಡ ಒಂದ್ ಮಾತು ಆಡೂದೈತಿ. ಮನ್ಯಾಗ ಬ್ಯಾಡ.”

ಮನೆಯಲ್ಲಿ ಆಡಲಾಗದ ಮಾತು! ಆದರೂ ಹೊರಟೆ.

ಹೋಗಿದ್ದು ಹಾಸ್‌ಬೆರ್ಗೆಗೆ. ಹೆಸರಿಗೆ ಬೆಟ್ಟಸಾಲು, ಆದರೆ ನಮ್ಮ ಚಾಮುಂಡಿ ಬೆಟ್ಟ ಹತ್ತಿದವರಿಗೆ ಅದೇನು ಎತ್ತರವಲ್ಲ. ಉತ್ತರ ದಕ್ಷಿಣವಾಗಿ ಮಲಗಿದ ಉದ್ದನೆಯ ದಿಬ್ಬ, ಮೈತುಂಬ ಬೀಚ್ ಮತ್ತು ಓಕ್ ಮರಗಳ ಕಾಡು. ಅದರ ಆಕಾರ ಮಾತ್ರ ವಿಚಿತ್ರ. ಪಶ್ಚಿಮಕ್ಕೆ ಗೋಡೆಯ ಹಾಗೆ ಕಡಿದಾಗಿ ಬೀಳುತ್ತದೆ. ಪೂರ್ವಕ್ಕೆ ಇಳಿಯುತ್ತಿದ್ದೇವೆ ಎಂದು ಗೊತ್ತೇ ಆಗದಷ್ಟು ನಿಧಾನವಾಗಿ ಜಾರುತ್ತದೆ. ನೆತ್ತಿಯ ಉದ್ದಕ್ಕೂ ಹಳೇ ಕಾಲದ ಒಂದು ದಾರಿ. ಕಳೆದುಹೋಗಲು ಸಾಧ್ಯವೇ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕಡಿದಾದ ಕಡೆ ಇಳಿದರೆ ಆ ಬದಿಯ ಹಳ್ಳಿ, ಇಳಿಜಾರಿನ ಕಡೆ ಇಳಿದರೆ ಈ ಬದಿಯ ಹಳ್ಳಿ. ಅಷ್ಟೇ.

ನಾವು ಪಶ್ಚಿಮದ ಬುಡದ ಹಳ್ಳಿಯೊಂದರಲ್ಲಿ, ಚರ್ಚಿನ ಪಕ್ಕ ಕಾರು ನಿಲ್ಲಿಸಿ ಹತ್ತಿದೆವು. ಹಳ್ಳಿಯ ಹೆಸರು ಬೇಡ. ಒದ್ದೆ ಎಲೆಗಳ ಮೇಲೆ ಅವನು ಎರಡು ಸಲ ಮುಗ್ಗರಿಸಿದ. ಮುಂದಿದ್ದ ನಾನು ತಿರುಗಿ, “ಕಾಲು ಜಾರತ್ತೆ, ನೋಡ್ಕೊಂಡು ಬಾ” ಅಂದೆ. ದಾರಿಯುದ್ದಕ್ಕೂ ಆಡಿದ ಮಾತು ಅದೊಂದೇ.

ನೆತ್ತಿಯಲ್ಲಿ ಒಂದು ಮರದ ಬೆಂಚು. ಕುಳಿತೆವು. ಅವನು ಸುಮ್ಮನೆ ಎಲೆಗಳನ್ನು ಬೂಟಿನಿಂದ ಕೆದಕುತ್ತಿದ್ದ.

“ಏನೋ ಹೇಳ್ಬೇಕು ಅಂದ್ಯಲ್ಲ. ಹೇಳು” ಅಂದೆ.

“ಹೇಳ್ತೀನಿ. ಸ್ವಲ್ಪ ತಡಿ.”

“ಯಾರು ಅವಳು?”

ಅವನು ಬೆಚ್ಚಿ ನನ್ನನ್ನು ನೋಡಿದ. “ಯಾವಾಕಿ? ಹಂಗೇನಿಲ್ಲ. ಆ ಮಾತು ಇನ್ನೊಮ್ಮೆ ತಗೀಬ್ಯಾಡ.”

“ಹಾಗಾದ್ರೆ ಬಾಲ್ಕನೀಲಿ ಯಾರ ಜೊತೆ ಮಾತಾಡ್ತೀಯ?”

“ನೀ ಹಿಂಗ ಮಾತಾಡಿದ್ರ ನಾ ಹೆಂಗ್ ಹೇಳ್ಲಿ ಶುಭಾ?”

ಎದ್ದೆ. “ಹೇಳ್ಲೇಬೇಡ. ನನ್ನ ಹಿಂದೆನೂ ಬರ್ಬೇಡ!”

ಅವನು ಸೋತವನ ಹಾಗೆ ಕೈಚೆಲ್ಲಿದ. “ಆತು ಬಿಡು. ನಾ ಮುಂದಿನ ಹಾದೀಲೆ ಇಳೀತೀನಿ. ಕಾರಿನ ಹತ್ರ ಸಿಗೂಣು.”

ನಾನು ಬಂದ ದಾರಿಯಲ್ಲೇ ಇಳಿಯತೊಡಗಿದೆ. ನವೆಂಬರಿನಲ್ಲಿ ಇಲ್ಲಿ ಕತ್ತಲು ಬೇಗ. ಅದರ ಜೊತೆಗೆ ಮಂಜೂ ಇಳಿಯಿತು. ಮರಗಳ ಬುಡ ಮಾತ್ರ ಕಾಣುತ್ತಿತ್ತು. ಕೊಳೆತ ಎಲೆ, ಅಣಬೆ, ಕೆಳಗೆಲ್ಲೋ ಉರಿಯುತ್ತಿದ್ದ ಸೌದೆಯ ವಾಸನೆ. ಕೊಂಬೆಗಳಿಂದ ಟಪ್... ಟಪ್... ಎಂದು ನೀರು ಬೀಳುವ ಸದ್ದು.

ಸ್ವಲ್ಪ ಹೊತ್ತಿನ ಮೇಲೆ ಹಿಂದೆ ಎಲೆಗಳ ಮೇಲೆ ಹೆಜ್ಜೆ ಕೇಳಿಸಿತು.

ಸಂಗು! ಬರಬೇಡ ಅಂದರೂ ಬಂದಿದ್ದಾನೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಆದರೆ ತಿರುಗಲಿಲ್ಲ. ಅವನೇ ಮೊದಲು ಮಾತಾಡಲಿ ಎಂದುಕೊಂಡು ಬಿರುಸಾಗಿ ನಡೆದೆ. ಹೆಜ್ಜೆಗಳೂ ಬಿರುಸಾದವು. ನಿಂತೆ. ಅವೂ ನಿಂತವು.

ಆಗ ಕೆಳಗಿನಿಂದ ಒಂದು ಬೆಳಕು ಮೇಲೇರಿ ಬಂತು. ತಲೆಗೆ ಟಾರ್ಚ್ ಕಟ್ಟಿಕೊಂಡ ಒಬ್ಬ ಮುದುಕ, ಜೊತೆಗೊಂದು ನಾಯಿ. ದಾರಿ ಕಿರಿದಾಗಿದ್ದರಿಂದ ಪಕ್ಕಕ್ಕೆ ಸರಿದೆ. “ಗ್ರ್ಯೂಸ್ ಗಾಟ್” ಎಂದು ನನಗೆ ನಮಸ್ಕಾರ ಹೇಳಿ ಮುಂದೆ ಹೋದ. ನಾಯಿ ನನ್ನ ಬೂಟು ಮೂಸಿತು. ನಾನು ಇನ್ನೂ ನಾಲ್ಕು ಹೆಜ್ಜೆ ಇಟ್ಟಿರಬಹುದು. ಹಿಂದೆ ಮತ್ತೆ ಆ ಮುದುಕನ ದನಿ ಕೇಳಿಸಿತು...

“ಗ್ರ್ಯೂಸ್ ಗಾಟ್.”

ನನ್ನ ಹಿಂದೆ ಇದ್ದವನಿಗೆ ಹೇಳಿದ್ದು. ಸಂಗು ಬಂದಿರುವುದು ಖಾತ್ರಿಯಾಯಿತು. ಆದರೆ ಅವನು ತಿರುಗಿ ನಮಸ್ಕಾರ ಹೇಳಲಿಲ್ಲ. ಇಲ್ಲಿ ಯಾರು ಎದುರಾದರೂ ಮೊದಲು ‘ಗ್ರ್ಯೂಸ್ ಗಾಟ್’ ಅನ್ನುವವನು ಅವನು. ಇವತ್ತೇಕೆ ಬಾಯಿ ಬಿಡಲಿಲ್ಲ?

ಮುದುಕನ ಬೆಳಕು ಮಂಜಿನಲ್ಲಿ ಕರಗಿತು. ಹಿಂದಿನಿಂದ ಮಾತು ಬಂತು.

“ಕಾಲು ಜಾರತ್ತೆ. ನೋಡ್ಕೊಂಡು ಬಾ.”

ಸಂಗುವಿನದೇ ದನಿ. ಶೀತ ಕಟ್ಟಿದ ಮೂಗಿನ ಆ ಗೊಗ್ಗರು ಸಮೇತ ಅವನದೇ. ನನ್ನನ್ನು ಒಲಿಸಲು ನನ್ನ ಕನ್ನಡ ಆಡುತ್ತಿದ್ದಾನೆ ಎಂದು ನಗು ಬಂತು. ಅದರ ಹಿಂದೆಯೇ ಏನೋ ಸರಿಯಿಲ್ಲ ಅನ್ನಿಸಿತು. ಹಿಂದಿರುವವನು ಮುಂದೆ ಹೋಗುತ್ತಿರುವವಳಿಗೆ ‘ಬಾ’ ಅನ್ನುತ್ತಾನೆಯೇ? ಹತ್ತುವಾಗ ನಾನು ಅವನಿಗೆ ಹೇಳಿದ ಮಾತು ಅದು. ಒಂದಕ್ಷರ ಬದಲಾಗಿರಲಿಲ್ಲ. ‘ಜಾರತ್ತೆ’ ಎನ್ನುವಾಗ ಕೊನೆಯಲ್ಲಿ ನಾನು ಸ್ವಲ್ಪ ಎಳೆಯುತ್ತೇನೆ. ಅದೇ ಎಳೆತ.

“ಆಟ ಸಾಕು ಸಂಗು” ಅಂದೆ. ತಿರುಗಲಿಲ್ಲ.

ಟಪ್... ಟಪ್...

“ಏನೋ ಹೇಳ್ಬೇಕು ಅಂದ್ಯಲ್ಲ. ಹೇಳು.”

ಇದೂ ನನ್ನದೇ ಮಾತು. ಗಂಟಲು ಮಾತ್ರ ಅವನದು. ಮಾತೆಲ್ಲ ನನ್ನದು...

ಪರೀಕ್ಷೆ ಮಾಡೋಣ ಅನ್ನಿಸಿತು. “ಸಂಗು, ಒಂದ್ಸಲ ‘ಐತಿ’ ಅನ್ನು” ಅಂದೆ.

ಪಕ್ಕದ ಮರಕ್ಕೆ ಕೈ ಕೊಟ್ಟು ನಿಂತೆ. ಆಮೇಲೆ, ನನ್ನ ಕುತ್ತಿಗೆಗೆ ಮೊದಲಿಗಿಂತ ಹತ್ತಿರದಿಂದ, ಮೆಲ್ಲಗೆ...

“ಒಂದ್ಸಲ... ಐತಿ ಅನ್ನು.”

ಓಡಲಿಲ್ಲ. ಓಡಿದರೆ ಆ ಇಳಿಜಾರಿನಲ್ಲಿ ಬೀಳುವುದು ಖಂಡಿತ. ಬಿದ್ದರೆ ಅದು ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ತಿರುಗಿಯೂ ನೋಡಲಿಲ್ಲ. ಅಲ್ಲಿ ಯಾರೂ ಇಲ್ಲದಿದ್ದರೆ ಎಂಬ ಹೆದರಿಕೆಯಿಂದಲ್ಲ. ತಿರುಗಿದಾಗ ಅಲ್ಲಿ ಸಂಗಮೇಶನ ಮುಖವೇ ಇದ್ದುಬಿಟ್ಟರೆ? ಆ ಮುಖದ ಜೊತೆ ನಾನು ಕಾರು ಹತ್ತಿ ಮನೆಗೆ ಹೋಗಬೇಕಲ್ಲ! ಮರದಿಂದ ಮರಕ್ಕೆ ಕೈ ಕೊಟ್ಟುಕೊಂಡು ಇಳಿದೆ. ಹಿಂದೆ ಹೆಜ್ಜೆಗಳು ಬರುತ್ತಲೇ ಇದ್ದವು. “ಹೇಳು... ಹೇಳು...” ಎಂದು ಆಗಾಗ ಕೇಳುತ್ತಿತ್ತು. ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ.

ಕಾಡು ಮುಗಿದು ಸೇಬಿನ ಮರಗಳ ತೋಟ ಬಂತು. ಬೇಲಿ ದಾಟಿದೆ. ಚರ್ಚಿನ ಗಂಟೆ ಹೊಡೆಯತೊಡಗಿತು. ಗಂಟೆ ನಿಂತ ಮೇಲೆ ಕಿವಿಗೊಟ್ಟರೆ ಹೆಜ್ಜೆಗಳಿರಲಿಲ್ಲ. ಆಗ ತಿರುಗಿ ನೋಡಿದೆ. ಮಂಜು, ಮರಗಳ ಕಪ್ಪು ಬೊಡ್ಡೆಗಳು. ಬೇರೇನೂ ಕಾಣಲಿಲ್ಲ.

ಕಾರಿನ ಬಳಿ ಬಂದೆ. ಸಂಗಮೇಶ ಇರಲಿಲ್ಲ. ಫೋನ್ ಮಾಡಿದರೆ ಸಿಗಲಿಲ್ಲ. ಬೀದಿದೀಪದ ಕೆಳಗೆ ನಿಂತೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಹಳ್ಳಿಯ ಇನ್ನೊಂದು ತುದಿಯಿಂದ ಒಬ್ಬ ನಡೆದು ಬಂದ. ಮೊಣಕಾಲಿನವರೆಗೂ ಪ್ಯಾಂಟು ಒದ್ದೆ. ಅತ್ತು ಕಣ್ಣು ಊದಿಕೊಂಡಿತ್ತು, ಆದರೆ ಮುಖದಲ್ಲಿ ನಗು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಅಲ್ಲ, ಕಡೀ ತಿರುವಿನ್ಯಾಗ ಎಲ್ಲಿ ಮಾಯಾದಿ? ಓಡಿ ಬಂದೇನು?”

ಬಾಗಲಕೋಟೆ! ಜೀವ ಬಂದ ಹಾಗಾಯಿತು. “ಯಾವ ತಿರುವು?” ಅಂದೆ.

“ಕೆರಿ ದಾಟಿದ ಮ್ಯಾಲ. ನಿನ್ನ ಹಿಂದನ ಇದ್ದೆ ಅಲಾ.” ಹೇಳುತ್ತಲೇ ಬಂದು ಗಟ್ಟಿಯಾಗಿ ತಬ್ಬಿಕೊಂಡ. “ಇಷ್ಟ್ ದಿನಾ ಹೊಟ್ಯಾಗ ಇಟ್ಕೊಂಡು ಸಾಯಾಕತ್ತಿದ್ದೆ ಶುಭಾ. ಎಲ್ಲಾ ಹೇಳಿದೆ, ಹಗುರಾತು.”

ಎಲ್ಲಾ ಹೇಳಿದನಂತೆ. ಯಾರಿಗೆ?

ಕಾರಿನಲ್ಲಿ ಹೀಟರಿನ ಸದ್ದು. ಅವನು ಏನನ್ನೋ ಗುನುಗುತ್ತಿದ್ದ. ಎಷ್ಟು ತಿಂಗಳಾಗಿತ್ತು ಅವನು ಗುನುಗಿ! ಮೆಲ್ಲಗೆ ಕೇಳಿದೆ, “ನಾನು ಏನಂದೆ ಅಂತ ಇನ್ನೊಂದ್ಸಲ ಹೇಳು.”

ಅವನು ನಕ್ಕ. “ಮೊದಲ ಬಾಳೊತ್ತು ಸುಮ್ಮನ ಇದ್ದಿ. ತಿರುಗಿ ಸೈತ ನೋಡ್ಲಿಲ್ಲ. ನಾ ಎಲ್ಲಾ ಹೇಳಿ ಮುಗಿಸಿದ ಮ್ಯಾಲ ‘ಆತು ಬಿಡು’ ಅಂದಿ. ‘ಆ ಮಾತು ಇನ್ನೊಮ್ಮೆ ತಗೀಬ್ಯಾಡ’ ಅಂದಿ. ನಮ್ಮ ಭಾಷಾದಾಗ ಅಂದಿ ನೋಡು... ನನಗ ಅಳು ತಡ್ಕೊಳಾಕ ಆಗ್ಲಿಲ್ಲ.”

ಕಿಟಕಿಯ ಕಡೆ ಮುಖ ತಿರುಗಿಸಿದೆ. ಬೆಂಚಿನ ಮೇಲೆ ಅವನು ಆಡಿದ್ದ ಮಾತುಗಳು ಅವು. ನನ್ನ ಹಿಂದೆ ಬಂದದ್ದರ ಬಾಯಲ್ಲಿ ನನ್ನ ಮಾತಿತ್ತು. ಅವನ ಮುಂದೆ ಹೋದದ್ದರ ಬಾಯಲ್ಲಿ ಅವನ ಮಾತಿತ್ತು.

ಅದು ನಾನಲ್ಲ ಎಂದು ಆಗಲೇ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಮಂಜಿನಲ್ಲಿ ಅವನು ಕಾರು ಓಡಿಸುತ್ತಿದ್ದ. ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ಅವನು ಮಗುವಿನ ಹಾಗೆ ನಿದ್ದೆ ಹೋದ. ಆಮೇಲೆ ಒಂದೊಂದು ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಮರುದಿನ ಲ್ಯಾಪ್‌ಟಾಪಿನಲ್ಲಿ ಆ ಬೆಟ್ಟದ ನಕ್ಷೆ ತೆಗೆದೆ. ಅವನು ಹೇಳಿದ ಕೆರೆ, ಕೆರೆಯ ಆಚೆಯ ತಿರುವು, ಅಲ್ಲಿಗೆ ಇಳಿಯುವ ಕಾಡುದಾರಿ ಎಲ್ಲವೂ ಇದ್ದವು. ಆದರೆ ಪೂರ್ವದ ಕಡೆ! ಪಶ್ಚಿಮದ ಬದಿಯಲ್ಲಿ ಕೆರೆಯೇ ಇಲ್ಲ. ಆ ದಾರಿ ಇಳಿದರೆ ಬೆಟ್ಟದ ಆಚೆಯ ಹಳ್ಳಿಗೆ ಬರುತ್ತದೆ. ಅಲ್ಲಿಂದ ನಮ್ಮ ಕಾರಿಗೆ ಬರಬೇಕೆಂದರೆ ಬೆಟ್ಟವನ್ನು ಮತ್ತೆ ಹತ್ತಿ ಇಳಿಯಬೇಕು. ಕೇಳಿದರೆ, “ಏರು ಎಲ್ಲಿತ್ತು? ಇಳಕೊಂತನ ಬಂದ್ವಿ ಅಲಾ” ಅಂದ.

ಬಂದ್ವಿ.

ಅವನ ಮೇಲೂ ಸಂಶಯಪಟ್ಟೆ. ಸುಳ್ಳು ಹೇಳುತ್ತಿದ್ದಾನಾ? ಗುಟ್ಟು ಹೇಳುವುದರಿಂದ ಪಾರಾಗಲು ಇದಕ್ಕಿಂತ ಒಳ್ಳೆಯ ಉಪಾಯ ಇದೆಯೇ? ಅವನೇ ನನ್ನ ಹಿಂದೆ ಬಂದು, ನನ್ನ ಮಾತುಗಳನ್ನು ಅಣಕಿಸಿ, ತೋಟದ ಹಿಂದಿನಿಂದ ಸುತ್ತಿ ಬಂದನಾ? ಆದರೆ ಹಾಗೆ ಅಣಕಿಸುವುದು ಅವನಿಂದ ಆಗುವ ಕೆಲಸವಲ್ಲ. ಆ ಊದಿದ ಕಣ್ಣುಗಳು ನಟನೆಯಲ್ಲ. ಒಂದು ದಿನ ಹೌದು ಅನ್ನಿಸುತ್ತದೆ, ಮರುದಿನ ಇಲ್ಲ ಅನ್ನಿಸುತ್ತದೆ.

ಒಮ್ಮೆ ಧೈರ್ಯ ಮಾಡಿ, “ಅವತ್ತು ಕಾಡಲ್ಲಿ ನೀನು ಹೇಳಿದ್ದು...” ಎಂದು ಶುರು ಮಾಡಿದೆ. ಅವನು ನನ್ನ ಕೈ ಹಿಡಿದುಕೊಂಡ. “ಇನ್ನೊಮ್ಮೆ ತಗೀಬ್ಯಾಡ ಅಂತ ನೀನ ಅಂದೀ. ನಾನೂ ತಗಿಯೂದಿಲ್ಲ, ನೀನೂ ತಗೀಬ್ಯಾಡ” ಅಂದ. ಅವನ ಮುಖದಲ್ಲಿದ್ದ ನೆಮ್ಮದಿ ನೋಡಿ ಸುಮ್ಮನಾದೆ.

ಈಗ ಅವನು ಫೋನ್ ಬಂದರೆ ಬಾಲ್ಕನಿಗೆ ಹೋಗುವುದಿಲ್ಲ.

ಕಳೆದ ಶನಿವಾರ ನಾನು ಒಗ್ಗರಣೆ ಹಾಕುತ್ತಿದ್ದೆ. ಅವನು ನನ್ನ ಪಕ್ಕದಲ್ಲೇ ನಿಂತು ಫೋನಿನಲ್ಲಿ ಹೇಳುತ್ತಿದ್ದ, “ಶುಭಾಗ ಎಲ್ಲಾ ಗೊತ್ತೈತಿ. ಆಕಿ ಒಪ್ಪ್ಯಾಳ. ತಡೀರಿ, ಆಕೀಗೇ ಕೊಡ್ತೀನಿ.” ಸ್ಟವ್ ಆರಿಸಿ ಫೋನ್ ತೆಗೆದುಕೊಂಡೆ.

ಆ ಕಡೆ ಯಾರೋ ಹೆಂಗಸು. ವಯಸ್ಸು ತಿಳಿಯಲಿಲ್ಲ. ಈ ದನಿಯನ್ನು ನಾನು ಹಿಂದೆಂದೂ ಕೇಳಿಲ್ಲ. ಬಿಕ್ಕುತ್ತಾ ಹೇಳಿದಳು, “ನೀವು ಒಪ್ಪಿದ್ರಿ ಅಂತ ಕೇಳಿ ಜೀವ ಬಂತ್ರೀ ಅಕ್ಕಾರ. ನಾ ಯಾವಾಗ ಬರ್ಲಿ ಹೇಳ್ರಿ.”

ಸಂಗಮೇಶ ನನ್ನನ್ನೇ ನೋಡುತ್ತಾ ನಿಂತಿದ್ದ. ಕಣ್ಣಲ್ಲಿ ಎಷ್ಟೊಂದು ಕೃತಜ್ಞತೆ!

“ಬನ್ನಿ” ಅಂದುಬಿಟ್ಟೆ. ಬೇರೇನು ಹೇಳಲಿ?

ಟಿಕೆಟ್ ಆಗಿದೆ. ಮುಂದಿನ ತಿಂಗಳು ಅವಳು ನಮ್ಮ ಮನೆಗೆ ಬರುತ್ತಾಳೆ. ಒಳಗಿನ ಚಿಕ್ಕ ಕೋಣೆಯನ್ನು ಸಂಗಮೇಶ ನಿನ್ನೆ ಖಾಲಿ ಮಾಡಿದ. ಅವಳು ಯಾರು, ಯಾಕೆ ಬರುತ್ತಾಳೆ, ಎಷ್ಟು ದಿನ ಇರುತ್ತಾಳೆ... ನನಗೆ ಗೊತ್ತಿಲ್ಲ. ಒಪ್ಪಿದವಳು ಮಾತ್ರ ನಾನಂತೆ.