ಭಿಡೆಯವರ ಬೈನಾಕ್ಯುಲರ್

ಗಜಾನನ ವಿಷ್ಣು ಭಿಡೆ, ವಯಸ್ಸು ಅರವತ್ತೊಂದು, ಊರು ಲಾಯಿಲ, ಮನೆಯಲ್ಲಿ ಹೆಂಡತಿ ರಾಜೀವಿ. ತೊಂಬತ್ತಾರನೇ ಇಸವಿಯಲ್ಲಿ, ನಕ್ಷತ್ರ ನೋಡಲು ಬೈನಾಕ್ಯುಲರ್ ಬೇಕೆಂದು ಮೂಡಬಿದ್ರೆಯ ಫಾರಿನ್ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಕೊನೆಗೆ ಬಿ.ಸಿ.ರೋಡಿನ ಶಾಫಿಯ ಅಂಗಡಿಗೆ ಏನನ್ನೂ ಕೊಳ್ಳದ ಕಾಯಂ ಗಿರಾಕಿಯಾದರು. ಪ್ರತಿಯೊಂದನ್ನೂ ಎಡಗೈಯೊಂದರಲ್ಲೇ ಎತ್ತಿ, ರಸ್ತೆಯಾಚೆಯ ತೆಂಗಿನ ಮರದ ಕಾಯಿಗಳನ್ನು ನೋಡಿ, "ಭಾರ ಆಯ್ತು" ಎನ್ನುತ್ತಿದ್ದರು. ಹಗುರದ್ದನ್ನು ಕೊಟ್ಟರೆ, "ಇದರಲ್ಲಿ ಪವರೇ ಇಲ್ಲ" ಎನ್ನುತ್ತಿದ್ದರು. ಹಗುರವೂ ಪವರೂ ಕೂಡಿದ್ದು ಸಿಕ್ಕಿದ ದಿನ ಕಾಯಿಗಳೆಲ್ಲ ಕುಣಿದವು. "ತೂಕ ಗುಬ್ಬಿಯದ್ದು, ಬಲ ಆನೆಯದ್ದು ಬೇಕಾ? ದುಬೈಯಲ್ಲೂ ಇಲ್ಲ ಮಾರಾಯ್ರೇ! ಎರಡು ಕೈಯಲ್ಲಿ ಹಿಡೀರಿ, ಕುಣಿಯುವುದು ನಿಲ್ತದೆ," ಎಂದು ಶಾಫಿ ರೇಗಿಸಿದ. "ನನಗಲ್ಲ, ಹೆಂಡತಿಗೆ. ಅವಳಿಗೆ ಒಂದೇ ಕೈ ಬರುವುದು," ಎಂದರು ಭಿಡೆ. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ ರಾಜೀವಿ, ಎದ್ದು ಕುಳಿತ ಮೇಲೆ ಕೇಳಿದ್ದು ಒಂದನ್ನೇ: ಕೃತ್ತಿಕೆಯನ್ನು ಹತ್ತಿರದಿಂದ ನೋಡಬೇಕು. ಶಾಫಿ ಅಂಗಡಿಯ ಅತಿ ಭಾರದ ಬೈನಾಕ್ಯುಲರನ್ನು ಇಳಿಸಿ ಭಿಡೆಯವರ ಎಡಭುಜದ ಮೇಲಿಟ್ಟು, "ಇದನ್ನೇ ಕೊಂಡುಹೋಗಿ. ಸ್ಟ್ಯಾಂಡ್ ಉಂಟಲ್ಲ!" ಎಂದ. ಅಂದಿನಿಂದ ಮೋಡವಿಲ್ಲದ ಪ್ರತಿ ರಾತ್ರಿ ಭಿಡೆಯವರು ಅಂಗಳದಲ್ಲಿ ಹೆಂಡತಿಯ ಕುರ್ಚಿಯ ಮುಂದೆ ಮಣೆ ಹಾಕಿ, ಅವರಿಗೆ ಬೆನ್ನು ಮಾಡಿ ಕುಳಿತರು. "ಉಸಿರು ಹಿಡೀರಿ, ನಕ್ಷತ್ರ ಕುಣೀತಾ ಉಂಟು," ಎಂದು ರಾಜೀವಿ ಗದರುತ್ತಿದ್ದರು, ಭಿಡೆಯವರು ಹಿಡಿಯುತ್ತಿದ್ದರು. ಎಂಟು ವರ್ಷಗಳ ಬಳಿಕ ತೀರಿಕೊಂಡಾಗ ಭಿಡೆಯವರು ಬಿಟ್ಟುಹೋದದ್ದು: ರಾಜೀವಿ, ಆ ಭಾರದ ಬೈನಾಕ್ಯುಲರ್, ಒಂದು ಮಣೆ, ಎಡಭುಜದಲ್ಲಿ ಮಾತ್ರ ಸವೆದ ನಾಲ್ಕು ಅಂಗಿಗಳು.