ಎಡಗಾಲನನ್ನು ಕೊಟ್ಟು ಗೆರೆ ತರುವವರು

ಶನಿವಾರ ಮಧ್ಯಾಹ್ನ ಮೂರಕ್ಕೆ ಮೂವರೂ ಬಂದರು. ಐದೇ ನಿಮಿಷದ ಕೆಲಸ ಅತ್ತಿಗೆ, ಅಂದರು. ಇವರ ಐದು ನಿಮಿಷ ಎಷ್ಟು ಉದ್ದ ಅಂತ ಅವಳಿಗೆ ಗೊತ್ತಿತ್ತು. ಮೂವತ್ತೊಂದು ವರ್ಷದಿಂದ ನೋಡಿದ್ದಾಳೆ. ಸುಮ್ಮನೆ ಹೋಗಿ ಚಹಾಕ್ಕೆ ನೀರಿಟ್ಟಳು.

ಅವಳ ಮನೆ ಇರುವುದು ಫುಟ್‌ಬಾಲ್ ಮೈದಾನದ ಗ್ಯಾಲರಿಯ ಕೆಳಗೆ. ಒಂದೂವರೆ ಕೋಣೆ. ಜನ ಕೂರುವ ಮೆಟ್ಟಿಲುಗಳೇ ಇವರಿಗೆ ಸೂರು. ಅದಕ್ಕೇ ಸೂರು ಓರೆ. ಒಲೆಯ ಕಡೆ ನೆಟ್ಟಗೆ ನಿಲ್ಲಬಹುದು, ಮಲಗುವ ಕಡೆ ತಲೆ ಬಗ್ಗಿಸಲೇಬೇಕು. ಗೋಲು ಬಿದ್ದರೆ ಮೇಲೆ ಊರಿಗೆ ಊರೇ ಕುಣಿಯುತ್ತದೆ, ಕೆಳಗೆ ತಟ್ಟೆಗೆ ಗಾರೆ ಉದುರುತ್ತದೆ. ಮದುವೆಯಾಗಿ ಬಂದ ಮೊದಲ ಭಾನುವಾರ ಅವಳು ಭೂಕಂಪ ಅಂತ ಹೊರಗೆ ಓಡಿಬಂದಿದ್ದಳು. "ಭೂಕಂಪ ಅಲ್ಲ ಕಣೇ, ಪೆನಾಲ್ಟಿ" ಅಂದಿದ್ದ ಗಂಡ.

ಗಂಡ ಮೈದಾನ ನೋಡಿಕೊಳ್ಳುವವನು. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಬಲೆ ಕಟ್ಟುವುದು, ಗೇಟಿನ ಬೀಗ ತೆಗೆಯುವುದು. ಅದೆಲ್ಲ ಯಾರು ಬೇಕಾದರೂ ಮಾಡಬಹುದು. ಗೆರೆ ಮಾತ್ರ ಅವನದೇ. ಆಟದ ಹಿಂದಿನ ದಿನ ಸುಣ್ಣ ಕಲಸಿ, ಎರಡು ಗೂಟದ ನಡುವೆ ಹುರಿ ಬಿಗಿದು, ಗಾಲಿಯ ಡಬ್ಬಿ ತಳ್ಳಿಕೊಂಡು ಹೊರಟನೆಂದರೆ ಹಿಂದೆ ಬಿಳೀ ಗೆರೆ ಕತ್ತರಿಸಿ ಇಟ್ಟ ಹಾಗೆ ಬೀಳುತ್ತಿತ್ತು. ಊರು ಅವನನ್ನು ಗೆರೆಯಣ್ಣ ಅಂತಲೇ ಕರೆಯಿತು. ಅವನು ಸತ್ತು ಎರಡು ತಿಂಗಳಾಯಿತು. ಅಂಗಿ ಇನ್ನೂ ಮೊಳೆಯಲ್ಲಿ ನೇತಾಡುತ್ತಿದೆ. ತೆಗೆಯಬೇಕು ಅಂತ ದಿನಾ ಅಂದುಕೊಳ್ಳುತ್ತಾಳೆ.

ಬಂದ ಮೂವರೂ ಅವನ ಸ್ನೇಹಿತರು. ಒಬ್ಬರು ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೆಲಸ ಬಿಟ್ಟು ಆರು ವರ್ಷವಾದರೂ ದನಿ ಇನ್ನೂ ಹಿಂದಿನ ಸೀಟಿನವರಿಗೆ ಕೇಳುವಷ್ಟಿದೆ. ಇನ್ನೊಬ್ಬರು ಸಲೂನಿನವರು. ಬೇರೆ ಸಲೂನಿನವರ ಹಾಗಲ್ಲ, ಇವರಿಗೆ ಮಾತು ಕಡಿಮೆ. ಮೂರನೆಯವರು ಕನ್ನಡಕದ ಅಂಗಡಿಯವರು, ಕ್ಲಬ್ಬಿನ ಸೆಕ್ರೆಟರಿ. ಎಲ್ಲಿಗೆ ಹೋದರೂ ಬಗಲಲ್ಲಿ ಒಂದು ಫೈಲು.

"ಅತ್ತಿಗೆ, ವಿಷಯ ಏನಂದ್ರೆ" ಅಂತ ಸೆಕ್ರೆಟರಿ ಶುರು ಮಾಡಿದರು. "ನಾಳೆ ಸೀಸನ್ನಿನ ಮೊದಲ ಆಟ. ಮೈದಾನಕ್ಕೆ ಜನ ಇಲ್ಲ. ಸಂಜೆ ಆರರೊಳಗೆ ಒಂದು ಹೆಸರು ಹೇಳಿ ಅಂದಿದ್ದಾರೆ ಅಧ್ಯಕ್ಷರು. ಈ ಕೋಣೆ ಬೇರೆ ಆ ಕೆಲಸಕ್ಕೇ ಸೇರಿದ್ದು, ನಿಮಗೆ ಗೊತ್ತೇ ಇದೆ. ನಾವೊಂದು ಯೋಚನೆ ಮಾಡಿದ್ದೀವಿ. ಮಿಲ್ಲಿನ ತಂಡದವರ ಹತ್ತಿರ..."

"ಮಿಲ್ಲಿನವರ ಹೆಸರು ಎತ್ತಬೇಡ!" ಅಂದರು ಕಂಡಕ್ಟರ್. "ಏಣಿಯನ್ನ ಹೊಡಕೊಂಡು ಹೋದ ಜನ!"

ಮುಗಿಯಿತು. ಅವಳು ಬಾಗಿಲಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಏಣಿ ಅಂದರೆ ಹಿಂದಿನ ಕಾಲದ ಫಾರ್ವರ್ಡ್. ಆರೂವರೆ ಅಡಿ. ತಲೆಯಲ್ಲೇ ಗೋಲು ಹೊಡೆಯುತ್ತಿದ್ದ. ಇಪ್ಪತ್ತೆರಡು ವರ್ಷದ ಕೆಳಗೆ ಕ್ಲಬ್ಬಿನವರು ಅವನನ್ನು ಮಿಲ್ಲಿನ ತಂಡಕ್ಕೆ ಕೊಟ್ಟು, ಬದಲಿಗೆ ಗೋಡೆ ಅನ್ನುವ ಗೋಲ್‌ಕೀಪರನನ್ನೂ ನೆಲ ಸಮ ಮಾಡುವ ಒಂದು ಕಬ್ಬಿಣದ ರೋಲರನ್ನೂ ತಂದರು. ಈ ಅದಲುಬದಲು ಸರಿಯೋ ತಪ್ಪೋ ಅನ್ನುವ ಪಂಚಾಯಿತಿ ಇನ್ನೂ ಮುಗಿದಿಲ್ಲ. ಅವಳ ಬಾಣಂತನದಲ್ಲೂ ಇದೇ ಮಾತು, ಮಗಳ ಮದುವೆಯಲ್ಲೂ ಇದೇ ಮಾತು. ಗಂಡನ ಹೆಣ ಒಳಗಿದ್ದಾಗಲೂ ಹೊರಗೆ ಯಾರೋ ದನಿ ತಗ್ಗಿಸಿ "ಏಣಿಯನ್ನ ಕೊಡಬಾರದಿತ್ತು" ಅಂದದ್ದನ್ನು ಅವಳೇ ಕಿವಿಯಾರೆ ಕೇಳಿದ್ದಾಳೆ.

"ಗೋಡೆ ಬಂದ ಮೇಲೆ ಹದಿನೇಳು ಆಟ ಒಂದೂ ಗೋಲು ಬಿಟ್ಟಿಲ್ಲ" ಅಂದರು ಸೆಕ್ರೆಟರಿ.

"ಹೊಡೆದದ್ದೆಷ್ಟು? ಅದನ್ನ ಹೇಳು."

"ಹದಿನೇಳು ಆಟ ಡ್ರಾ. ಸೋತಿಲ್ಲವಲ್ಲ?"

"ಎಲಾ! ಸೋಲದೇ ಇರೋಕೆ ಮನೇಲಿ ಕೂತಿದ್ರೆ ಸಾಕಿತ್ತು."

"ರೋಲರ್ ಚೆನ್ನಾಗಿತ್ತು" ಅಂದರು ಸಲೂನಿನವರು.

ಅವಳು ಚಹಾ ತಂದು ಕುಕ್ಕಿದಳು. ಲೋಟ ಬೆಂಚಿನ ಮೇಲೆ ಠಣ್ ಅಂತು. "ಮಿಲ್ಲಿನವರ ಹತ್ತಿರ ಏನಿದೆ ಅಂತಿದ್ರಿ?"

"ಹಾಂ" ಅಂದರು ಸೆಕ್ರೆಟರಿ. "ಅವರ ಹತ್ತಿರ ಒಬ್ಬ ಗೆರೆ ಹಾಕೋನು ಇದ್ದಾನೆ. ಹೊಸ ಗಾಡಿ ಇಟ್ಟಿದ್ದಾನೆ, ತಳ್ಳಿದರೆ ಸಾಕು, ಬಣ್ಣ ತಾನಾಗೇ ಬೀಳುತ್ತೆ. ಗಾಡಿ ಸಮೇತ ಕೊಡ್ತಾರಂತೆ. ಬೆಳಿಗ್ಗೆನೇ ಬಂದು ಗೆರೆ ಹಾಕ್ತಾನೆ."

"ಸುಮ್ಮನೆ ಕೊಡ್ತಾರಾ?"

ಮೂವರೂ ಲೋಟದೊಳಗೆ ನೋಡಿದರು. ಕೊನೆಗೆ ಸಲೂನಿನವರೇ ಹೇಳಿದರು. "ಎಡಗಾಲನನ್ನ ಕೇಳ್ತಿದ್ದಾರೆ."

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಎಡಗಾಲ ಅಂದರೆ ಈಗಿನ ತಂಡದ ವಿಂಗರ್. ಎಡಗಡೆ ಗೆರೆ ಹಿಡಿದು ಓಡಿದನೆಂದರೆ ಹಿಡಿಯುವವರಿಲ್ಲ. ತಂಡದಲ್ಲಿ ಆಡುವವನು ಅಂತ ಇರುವುದೇ ಅವನೊಬ್ಬ. ಉಳಿದವರು ಸಮವಸ್ತ್ರ ಹಾಕಿಕೊಂಡು ಗಾಳಿಗೆ ಬಂದವರು.

"ಸುಣ್ಣ ಬಳಿಯೋನಿಗೆ ಎಡಗಾಲನನ್ನ ಕೊಡ್ತೀರಾ?" ಅಂದಳು. "ನಾಳೆ ಎಡಗಡೆಯಿಂದ ಚೆಂಡು ತರೋರು ಯಾರು? ನೀವು ಮೂವರಾ?"

"ಅತ್ತಿಗೆ, ನಿಮಗೆ ಆಟ ತಿಳಿಯಲ್ಲ" ಅಂದರು ಕಂಡಕ್ಟರ್.

ಮೂವತ್ತೊಂದು ವರ್ಷ ತಲೆಯ ಮೇಲೆ ಕುಣಿಸಿಕೊಂಡಿದ್ದಾಳೆ. ಮೇಲಿನ ಸದ್ದಿನಲ್ಲೇ ಆಫ್‌ಸೈಡೋ ಫೌಲೋ ಹೇಳಬಲ್ಲಳು. ಆಟ ತಿಳಿಯುವುದಿಲ್ಲವಂತೆ. ಅವಳು ಹಲ್ಲು ಕಚ್ಚಿದಳು.

"ನಿಮಗೇನೂ ಕಷ್ಟ ಆಗಬಾರದು ಅಂತ ಹದಿನೈದು ದಿನ ಟೈಮ್ ಕೇಳಿದ್ದೀನಿ" ಅಂದರು ಸೆಕ್ರೆಟರಿ. "ಮಗಳ ಮನೆ ಇದೆಯಲ್ಲ."

ಮಗಳ ಮನೆ ಇದೆ. ಬಾ ಅಮ್ಮಾ ಅಂತ ಕರೆಯುತ್ತಲೂ ಇದ್ದಾಳೆ. ಅಲ್ಲಿ ನಡುಮನೆಯಲ್ಲಿ ಮಡಚುವ ಮಂಚ, ಅಳಿಯ ಟಿವಿ ನೋಡಿ ಏಳುವ ತನಕ ಅದನ್ನು ಬಿಚ್ಚುವ ಹಾಗಿಲ್ಲ. ಕೈಗೊಂದು ಕೆಲಸವಿಲ್ಲ. ಅವಳಿಗೆ ಐವತ್ತಮೂರು. ತೋಳಿನಲ್ಲಿ ಇನ್ನೂ ಎರಡು ಬಕೆಟ್ ಸುಣ್ಣ ಎತ್ತುವ ಕಸುವಿದೆ.

"ನಾನೇ ಹಾಕ್ತೀನಿ ಗೆರೆ" ಅಂದಳು.

ಕಂಡಕ್ಟರ್ ನಕ್ಕರು. ಕೆಟ್ಟ ನಗು ಅಲ್ಲ, ಮಗು ವಿಮಾನ ಓಡಿಸ್ತೀನಿ ಅಂದರೆ ನಗುತ್ತಾರಲ್ಲ, ಹಾಗೆ. "ಗೆರೆ ಅಂದ್ರೆ ರಂಗೋಲಿ ಅಲ್ಲ ಅತ್ತಿಗೆ. ನಮ್ಮ ಗೆರೆಯಣ್ಣನ ಗೆರೆ ಕಪ್ ಗೆಲ್ಲಿಸಿಕೊಟ್ಟ ಗೆರೆ. ಎರಡು ವರ್ಷ ಆಯ್ತು, ಮರೆತುಬಿಟ್ರಾ? ಕೊನೇ ನಿಮಿಷ. ಎಡಗಾಲ ಮೂಲೆಗೆ ಓಡ್ತಾನೆ. ಚೆಂಡು ಹೋಯ್ತು, ಹೊರಗೆ ಹೋಯ್ತು, ಎಲ್ಲರೂ ತಲೆ ಮೇಲೆ ಕೈ ಇಟ್ಟುಬಿಟ್ಟಿದ್ದೀವಿ. ಗೆರೆ ಮೇಲಿಂದ ತೆಗೆದ ನೋಡಿ! ಸುಯ್ ಅಂತ ಒಳಗೆ ಹಾಕಿದ, ಗೋಲು! ಅವರು ಔಟು ಔಟು ಅಂತ ಬಾಯಿ ಬಡ್ಕೋತಿದ್ದಾರೆ. ರೆಫರಿ ಏನ್ ಮಾಡಿದ? ಚೆಂಡು ಎತ್ತಿ ತೋರಿಸಿದ. ಚೆಂಡಿಗೆ ಸುಣ್ಣ ಹತ್ತಿದೆ! ಹಸೀ ಸುಣ್ಣ! ಗೆರೆ ಮುಟ್ಟಿದ ಚೆಂಡು ಔಟಲ್ಲ!"

"ನಮ್ಮ ಕ್ಲಬ್ಬಿನ ಚರಿತ್ರೆಯಲ್ಲೇ ಅಂಥ ಗೋಲು ಇಲ್ಲ" ಅಂದರು ಸೆಕ್ರೆಟರಿ.

"ಅದು ಗೋಲಲ್ಲ, ತಲೆ! ಗೆರೆಯಣ್ಣನ ತಲೆ! ಆ ಮೂಲೇಲಿ ಬೇಕಂತಲೇ ಗೆರೆ ಹಸಿ ಇಟ್ಟಿದ್ದ. ಎಡಗಾಲ ಅಲ್ಲಿಗೇ ಓಡ್ತಾನೆ ಅಂತ ಅವನಿಗೆ ಗೊತ್ತಿತ್ತು."

ಇಷ್ಟು ವರ್ಷ ಏಣಿ, ಗೋಡೆ, ಎಡಗಾಲ ಅಂತ ಹಾಡಿದವರು ಇವತ್ತು ಗಂಡನ ಹೆಸರು ಹೇಳಿದರು. ಬದುಕಿದ್ದಾಗ ಒಂದು ದಿನ ಹೇಳಿದ್ದರೆ ಅವನು ಎಷ್ಟು ಹಿಗ್ಗುತ್ತಿದ್ದ. ಹೇಳಿದ್ದೂ ಎಂಥದ್ದು? ತಲೆ ಬುಡ ಇಲ್ಲದ್ದು.

ಆ ದಿನ ನಡೆದದ್ದು ಅವಳಿಗೆ ಗೊತ್ತು. ಕೊನೆಯ ನಾಲ್ಕು ವರ್ಷ ಗಂಡನ ಕೈ ನಡುಗುತ್ತಿತ್ತು. ಮೊದಲು ಲೋಟ ಹಿಡಿದಾಗ ನಡುಗಿತು, ಆಮೇಲೆ ಡಬ್ಬಿಯ ಹಿಡಿ ಹಿಡಿದಾಗ. ಗೆರೆ ಹಾವಿನ ಹಾಗೆ ಹೋಗತೊಡಗಿತು. ಅಂದಿನಿಂದ ಗೆರೆ ಹಾಕಿದ್ದೆಲ್ಲ ಅವಳೇ. ಗೇಟಿಗೆ ಒಳಗಿನಿಂದ ಬೀಗ ಹಾಕಿ ಹಾಕುತ್ತಿದ್ದಳು. ಅವನು ಹುರಿಯ ತುದಿ ಹಿಡಿದು ನಿಲ್ಲುತ್ತಿದ್ದ. ಯಾರಿಗೂ ಹೇಳಬಾರದು ಅಂತ ಮಾತು ತೆಗೆದುಕೊಂಡಿದ್ದ. "ಗೆರೆಯಣ್ಣನ ಕೈ ಹೋಯ್ತು ಅಂತ ಜನ ಅನ್ನಬಾರದು ಕಣೇ" ಅಂದಿದ್ದ. ಕಪ್ ಗೆದ್ದ ದಿನ ಬೆಳಿಗ್ಗೆ ಗೆರೆಯ ಮೇಲೆ ಇನ್ನೊಂದು ಸಲ ಸುಣ್ಣ ಎಳೆಯುವಾಗ, ತಾನೂ ಕೈ ಹಾಕ್ತೀನಿ ಅಂತ ಹಟ ಮಾಡಿ ಬಕೆಟ್ ಎತ್ತಿದ. ಇಡೀ ಬಕೆಟ್ ಆ ಮೂಲೆಯಲ್ಲಿ ಮಗುಚಿತು. ಅಲ್ಲೇ ಕೂತು ಅತ್ತ. ಅವಳು ಹುಲ್ಲು ತೊಳೆದು, ಹೊಸ ಸುಣ್ಣ ಕಲಸಿ, ಆ ಗೆರೆ ಮತ್ತೆ ಹಾಕುವಾಗ ಮಧ್ಯಾಹ್ನ. ಒಣಗುವುದು ಎಲ್ಲಿಂದ?

ಹೇಳಿದರೆ ಗಂಡನ ಹೆಸರು ಹೋಗುತ್ತದೆ. ಹೇಳದಿದ್ದರೆ ಕೋಣೆಯೂ ಕೆಲಸವೂ ಹೋಗುತ್ತದೆ. ಇಂಥ ಅದಲುಬದಲಿಗೆ ತಾನು ಬೀಳುತ್ತೇನೆ ಅಂತ ಅವಳು ಎಣಿಸಿರಲಿಲ್ಲ. ಮೊಳೆಯ ಮೇಲಿನ ಅಂಗಿಯನ್ನು ನೋಡಿದಳು. ಅವನ ಮೇಲೂ ಸಿಟ್ಟು ಬಂತು. ಮಾತು ತಗೊಂಡು ಆರಾಮಾಗಿ ಹೋಗಿಬಿಟ್ಟ, ಇಲ್ಲಿ ಈ ಮೂವರನ್ನು ಬಿಟ್ಟು.

"ಆ ಗೆರೆ ನನ್ನದು" ಅಂದಳು.

"ಯಾವ ಗೆರೆ?"

"ಕಪ್ ಗೆದ್ದ ಗೆರೆ. ನಾಲ್ಕು ವರ್ಷದ ಎಲ್ಲಾ ಗೆರೆ. ಅವರ ಕೈ ನಡುಗ್ತಿತ್ತು. ಹಸಿ ಇಟ್ಟಿದ್ದೂ ಅಲ್ಲ, ಎಂಥದ್ದೂ ಅಲ್ಲ. ಬಕೆಟ್ ಚೆಲ್ಲಿತು, ತಡ ಆಯ್ತು, ಅಷ್ಟೇ."

ಕಂಡಕ್ಟರ್ ದನಿ ಇಳಿಸಿದರು. "ಅತ್ತಿಗೆ, ನೀವು ದುಃಖದಲ್ಲಿದ್ದೀರಿ. ಏನೇನೋ ಅನಿಸುತ್ತೆ."

"ದುಃಖದಲ್ಲಿದ್ದೀನಿ, ತಲೆ ಕೆಟ್ಟಿಲ್ಲ! ಆವತ್ತು ಗೇಟ್ ಎಷ್ಟು ಗಂಟೆಗೆ ತೆಗೆದ್ರು? ನೀವೇ ಹೇಳಿ."

ಕಂಡಕ್ಟರ್ ನೆನಪು ಮಾಡಿಕೊಂಡರು. "ಒಂದು ಗಂಟೆ ತಡ. ಬಿಸಿಲಲ್ಲಿ ನಿಂತು ಗೆರೆಯಣ್ಣನಿಗೆ ಚೆನ್ನಾಗಿ ಬೈದಿದ್ದೆ ನಾನು."

"ಆಗ ಒಳಗೆ ನಾನು ಆ ಮೂಲೇಲಿದ್ದೆ."

"ಅತ್ತಿಗೆ ಹೇಳ್ತಿರೋದು ನಿಜ" ಅಂದರು ಸಲೂನಿನವರು. "ನಾಲ್ಕು ವರ್ಷದಿಂದ ಅಣ್ಣನ ಗಡ್ಡ ನಾನೇ ಹೆರೀತಿದ್ದೆ. ಅವನಿಗೆ ಬ್ಲೇಡ್ ಹಿಡಿಯೋಕೆ ಆಗ್ತಿರಲಿಲ್ಲ. ಈ ಕೈಯಲ್ಲಿ ಗೆರೆ ಹೇಗೆ ಬೀಳುತ್ತೆ ಅಂತ ಕೇಳಿಬಿಟ್ಟೆ. ಹೇಳಿದ. ಗೆರೆ ಅವಳದ್ದು ಅಂದ. ನನಗಿಂತ ನೆಟ್ಟಗೆ ಹಾಕ್ತಾಳೆ, ಅವಳ ಮುಂದೆ ಹೇಳಬೇಡ, ತಲೆ ಮೇಲೆ ಕೂರ್ತಾಳೆ ಅಂದ."

ಅವಳು ಸಲೂನಿನವರ ಕಡೆ ತಿರುಗಿದಳು.

"ಗೊತ್ತಿದ್ದೂ ಅರ್ಧ ಗಂಟೆಯಿಂದ ಬಾಯಿ ಹೊಲಕೊಂಡು ಕೂತಿದ್ರಾ? ನನ್ನನ್ನ ಬೀದಿಗೆ ಹಾಕೋ ಮಾತು ಕೇಳ್ಕೊಂಡು, ರೋಲರ್ ಚೆನ್ನಾಗಿತ್ತು ಅಂತೀರಲ್ಲ!"

"ಮಾತು ಕೊಟ್ಟಿದ್ದೆ ಅತ್ತಿಗೆ. ನೀವಾಗಿ ಹೇಳದೆ ನಾನು ಹೇಗೆ ಹೇಳಲಿ?"

"ಅವನಿಗೆ ಹೇಳಿದ್ದಾನೆ, ನನಗೆ ಹೇಳಿಲ್ಲ!" ಅಂತ ಕಂಡಕ್ಟರ್ ಎದ್ದು ನಿಂತರು. ಅವರಿಗೆ ಅದೇ ದೊಡ್ಡ ಗಾಯ. "ಮೂವತ್ತು ವರ್ಷದ ಸ್ನೇಹ!"

"ನಿಮಗೆ ಹೇಳಿದ್ರೆ ಬಸ್ ಸ್ಟ್ಯಾಂಡಿಗೆ ಹೇಳಿದ ಹಾಗೆ" ಅಂದಳು.

ಸೆಕ್ರೆಟರಿ ಫೈಲು ಬಿಚ್ಚಿದರು, ಮುಚ್ಚಿದರು. ಹೆಂಗಸರು ಈ ಕೆಲಸಕ್ಕೆ ಬರಬಾರದು ಅಂತ ಎಲ್ಲೂ ಬರೆದಿಲ್ಲ, ಬರಬಹುದು ಅಂತಲೂ ಬರೆದಿಲ್ಲ, ಅಂದರು. ಅವಳು ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದಳು.

"ಏಣಿಯನ್ನ ಕೊಟ್ಟು ಇಪ್ಪತ್ತೆರಡು ವರ್ಷ ಅತ್ತಿದ್ದೀರಿ. ಇನ್ನು ಎಡಗಾಲನನ್ನ ಕೊಟ್ಟು ಸಾಯೋ ತನಕ ಅಳ್ತೀರಿ. ಅಳೋದಾದ್ರೆ ಬೇರೆ ಬೆಂಚು ನೋಡ್ಕೊಳ್ಳಿ. ನಾನಿದ್ದೀನಿ, ಗೆರೆ ಹಾಕ್ತೀನಿ, ನನಗೆ ಬದಲಿಗೆ ಯಾರನ್ನೂ ಕೊಡಬೇಕಾಗಿಲ್ಲ. ಇದಕ್ಕಿಂತ ಒಳ್ಳೇ ವ್ಯಾಪಾರ ನಿಮ್ಮ ಕ್ಲಬ್ಬು ಯಾವತ್ತಾದ್ರೂ ಮಾಡಿದೆಯಾ?"

ಮೂವರೂ ಮುಖ ಮುಖ ನೋಡಿಕೊಂಡರು. ಲೆಕ್ಕ ಹಾಕುತ್ತಿದ್ದರು, ಕಣ್ಣಲ್ಲೇ ಕಾಣುತ್ತಿತ್ತು. ಯಾರನ್ನೂ ಕೊಡದೆ ಗೆರೆ ಸಿಗುತ್ತದೆ, ಎಡಗಾಲ ಉಳಿಯುತ್ತಾನೆ. ಗಂಡ ಸತ್ತ ಹೆಂಗಸಿನ ಕಷ್ಟ ನಾಟದ ತಲೆಗೆ ಇದು ನಾಟಿತು.

ಸೆಕ್ರೆಟರಿ ಹೊರಗೆ ಹೋಗಿ ಅಧ್ಯಕ್ಷರಿಗೆ ಫೋನ್ ಮಾಡಿದರು. ಬಹಳ ಹೊತ್ತು "ಹೌದು ಸಾರ್, ಅವರ ಹೆಂಡತಿ ಸಾರ್, ಇಲ್ಲ ಸಾರ್, ನಾವು ಯಾರನ್ನೂ ಕೊಡಬೇಕಾಗಿಲ್ಲ ಸಾರ್" ಅಂದರು. ಒಳಗೆ ಬಂದು, "ಈ ಸೀಸನ್ ಮುಗಿಯೋ ತನಕ ನೋಡೋಣ ಅಂದ್ರು" ಅಂದರು.

ಸೀಸನ್ ಅಂದರೆ ಐದು ತಿಂಗಳು. ನಾಲ್ಕು ವರ್ಷ ಹಾಕಿದವಳನ್ನು ಐದು ತಿಂಗಳು ನೋಡುತ್ತಾರಂತೆ. ಬಿಸಿಲು ಇಳಿಯುತ್ತಿತ್ತು, ಸುಣ್ಣ ಇನ್ನೂ ಕಲಸಿರಲಿಲ್ಲ.

ಸುಣ್ಣ ಕಲಸಿ, ಬಕೆಟ್ ಎತ್ತಿಕೊಂಡು ಮೈದಾನಕ್ಕೆ ನಡೆದಳು. ಗೇಟು ತೆರೆದೇ ಇತ್ತು. ಎರಡೂ ಕಡೆ ಗೂಟ ಹೊಡೆದು ಹುರಿ ತಾನೇ ಬಿಗಿದಳು. ಮೂವರೂ ಗ್ಯಾಲರಿಯ ಮೊದಲ ಮೆಟ್ಟಿಲಲ್ಲಿ ಸಾಲಾಗಿ ಕೂತಿದ್ದರು, ಆಟ ನೋಡಲು ಬಂದವರ ಹಾಗೆ. ಅವಳು ಡಬ್ಬಿ ತಳ್ಳಿಕೊಂಡು ಈ ತುದಿಯಿಂದ ಆ ತುದಿಗೆ ಹೋದಳು. ಮೂಲೆ ಮುಟ್ಟಿ, ಸೊಂಟ ಹಿಡಿದುಕೊಂಡು, ತಿರುಗಿ ನೋಡಿದಳು. ಗೆರೆ ನೆಟ್ಟಗಿತ್ತು. ಇಂಥ ಹೊತ್ತಿನಲ್ಲಿ "ಹೂಂ" ಅನ್ನುವವನೊಬ್ಬನಿದ್ದ.

ಮೆಟ್ಟಿಲ ಕಡೆ ನೋಡಿದಳು. ಯಾರೂ ಗೆರೆ ನೋಡುತ್ತಿರಲಿಲ್ಲ. ಗೋಡೆ ಆ ಹದಿನೆಂಟನೇ ಆಟದಲ್ಲಿ ಯಾಕೆ ಗೋಲು ಬಿಟ್ಟ ಅನ್ನುವ ಜಗಳ ಅಷ್ಟು ದೂರಕ್ಕೂ ಕೇಳುತ್ತಿತ್ತು.