ಹದಿನಾಲ್ಕಕ್ಕೆ ಹದಿನಾಲ್ಕು

ಕೋವಿಡ್ ರಜೆಗಳು ಮುಗಿದು ಶಾಲೆಗಳು ಸರಿಯಾಗಿ ನಡೆಯತೊಡಗಿದ ವರ್ಷ. ನಾನು ಹಗರೆ ಬಳಿಯ ಪ್ರೌಢಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ನಿವೃತ್ತಿಗೆ ಎರಡೇ ವರ್ಷ ಬಾಕಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೊಂದರಲ್ಲೇ ಫೇಲಾಗಿದ್ದ ಸುಮಾಳನ್ನು ಪೂರಕ ಪರೀಕ್ಷೆಗೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪಾಸಾದರೆ ಬೇಲೂರಿನಲ್ಲಿ ಪಿಯುಸಿ. ಇಲ್ಲದಿದ್ದರೆ ಅಕ್ಕನ ಜೊತೆ ಗಾರ್ಮೆಂಟ್ಸ್ ಕೆಲಸಕ್ಕೆ ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು.

ಖಚಿತವಾಗಿ ಅಂಕ ಸಿಗುವ ಪಾಠವೆಂದು ನಾನು ಆರಿಸಿದ್ದು ಆದೇಶ ವಿಧಾನ. ಗೊತ್ತಿಲ್ಲದ ಎರಡು ಸಂಖ್ಯೆ, ಎರಡು ಸಮೀಕರಣ. ಒಂದರಿಂದ y ಬೆಲೆ ತೆಗೆದು ಇನ್ನೊಂದರಲ್ಲಿ ಹಾಕಬೇಕು, ಅಷ್ಟೇ.

x + y = 14, x − y = 4 ಎಂದು ಕೊಟ್ಟೆ. ಮೊದಲನೆಯದರಿಂದ y = 14 − x ಎಂದು ಚೆನ್ನಾಗಿಯೇ ತೆಗೆದಳು. ತೆಗೆದವಳು ಅದನ್ನು ಮತ್ತೆ ಮೊದಲನೆಯದಕ್ಕೇ ಹಾಕಿದಳು! x ಹೊಡೆದುಹೋಗಿ 14 = 14 ಉಳಿಯಿತು. ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದಳು.

“ಉತ್ತರ ಎಲ್ಲಮ್ಮಾ?”

“ಬಂದೈತಲ್ಲ ಸಾ.”

ತಿದ್ದಿದೆ. ಮಾರನೆಯ ದಿನ ಬೇರೆ ಲೆಕ್ಕಕ್ಕೆ 20 = 20. ಅದರ ಮಾರನೆಯ ದಿನ 9 = 9. ಎರಡನೆಯ ಸಮೀಕರಣ ಅವಳಿಗೆ ಏನು ಅನ್ಯಾಯ ಮಾಡಿತ್ತೋ, ಅದರ ತಂಟೆಗೇ ಹೋಗುತ್ತಿರಲಿಲ್ಲ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ, ಹತ್ತು ಸಲ ಬರೆಸಿದೆ, ಗಂಟಲು ಹರಿಯುವಂತೆ ಕೂಗಿದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು.

ಪರೀಕ್ಷೆಗೆ ಆರು ದಿನ ಇರುವಾಗ ಮತ್ತೆ 7 = 7 ಬಂತು. ಸೀಮೆಸುಣ್ಣ ಎಸೆದೆ. “ಯಾರೇ ನಿಂಗೆ ಹಿಂಗೆ ಹೇಳ್ಕೊಟ್ಟಿದ್ದು?”

ಸುಮಾ ಅಳಲಿಲ್ಲ. ಬೋರ್ಡಿನ ಕಡೆ ಕೈ ತೋರಿದಳು. “ನೀವೇ ಅಲ್ವಾ ಸಾ? ಎರಡು ಕಡೆನೂ ಒಂದೇ ಬಂದ್ರೆ ಸರಿ ಐತೆ ಅಂತ ಎರಡು ಗೆರೆ ಎಳೀತೀರ. ನಾನೂ ಅದನ್ನೇ ತರ್ತಾ ಇವ್ನಿ.”

ಬೋರ್ಡಿನ ಮೇಲೆ ನನ್ನದೇ ಅಕ್ಷರ, ಮಾದರಿಗೆಂದು ಅಂದು ಮತ್ತೆ ಮಾಡಿ ತೋರಿಸಿದ್ದ ಆ ಮೊದಲ ಲೆಕ್ಕ. ಉತ್ತರ ಸಿಕ್ಕ ಮೇಲೆ ತಾಳೆ ನೋಡುವುದು ನನ್ನ ಪದ್ಧತಿ: 9 + 5 = 14, 14 = 14, ಕೆಳಗೆ ಎರಡು ಗೆರೆ. ಮೂವತ್ತು ವರ್ಷ ಪ್ರತಿ ಲೆಕ್ಕವನ್ನೂ ಹಾಗೇ ಮುಗಿಸಿದ್ದೆ. ಉತ್ತರದ ಕೆಳಗೆ ಮಾತ್ರ ಒಂದು ದಿನವೂ ಗೆರೆ ಎಳೆದಿರಲಿಲ್ಲ.

“ಅದು ತಾಳೆ ಕಣಮ್ಮಾ. ಮೊದಲು x ಎಷ್ಟು ಅಂತ ಹುಡುಕಬೇಕು.”

“ಓ... x ಹುಡುಕ್ಬೇಕಾ ಸಾ?”

ಮೂರು ವಾರದಿಂದ ನಾವು ಹುಡುಕುತ್ತಿದ್ದುದೇ ಅದನ್ನು! ಸಿಟ್ಟು ನೆತ್ತಿಗೇರಿತು, ಅವಳ ಮೇಲಲ್ಲ. ಎಲ್ಲ ಅಳಿಸಿ ಅದೇ ಲೆಕ್ಕವನ್ನು ಹೊಸದಾಗಿ ಶುರುಮಾಡಿದೆ. ಸುಮಾ ಎರಡನೆಯ ಸಮೀಕರಣಕ್ಕೆ ಕೈ ಹಾಕಿದಳು, x = 9, y = 5 ತಂದಳು. ಗೆರೆಗಳನ್ನು ಅವುಗಳ ಕೆಳಗೆ ಎಳೆಸಿದೆ.

ಅವಳು ಪಾಸಾದಳು, ಬೇಲೂರಿನ ಬಸ್ ಹತ್ತಿದಳು. ನಾನು ಚೆನ್ನಾಗಿ ಕಲಿಸುತ್ತಿದ್ದೇನೆಯೇ ಎಂದು ಆ ಮೂವತ್ತು ವರ್ಷ ನನ್ನನ್ನೇ ಕೇಳಿಕೊಂಡಿದ್ದೆ. ಪ್ರತಿ ಸಲವೂ ಉತ್ತರ ಹೌದೆಂದೇ ಬರುತ್ತಿತ್ತು, ಅವಳಿಗೆ 14 = 14 ಬಂದ ಹಾಗೆ. ಉಳಿದ ಎರಡು ವರ್ಷ ಕೆಂಪು ಶಾಯಿ ತೆಗೆಯುವ ಮೊದಲು ಮಕ್ಕಳನ್ನು ಕೇಳಿದೆ: “ಇದು ಹೇಗೆ ಬಂತು, ಹೇಳು.”